ತಾರೆ ಬೆಂಚಿನಲ್ಲಿ ಕುಳಿತಾಗ: ಬಡ್ಡಿ ಹೀಲ್ಡ್ ಪ್ರಕರಣವೂ ಆರನೆಯ ಆಟಗಾರನ ಪ್ರಶ್ನೆಯೂ

2019ರ ಅಕ್ಟೋಬರ್ 4 ಮತ್ತು 5ರಂದು ನಮ್ಮ ಮುಂಬಯಿ ಮಹಾನಗರದ ವರ್ಲಿಯಲ್ಲಿರುವ ಎನ್‌ಎಸ್‌ಸಿಐ ಡೋಮ್‌ನಲ್ಲಿ ಅಮೆರಿಕದ ಎನ್‌ಬಿಎ ಸಂಸ್ಥೆಯು ಭಾರತದ ನೆಲದ ಮೇಲೆ ತನ್ನ ಮೊತ್ತಮೊದಲ ಪಂದ್ಯಗಳನ್ನು ನಡೆಸಿತು. ಸೆಣಸಿದ ತಂಡಗಳು ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್. ಮೊದಲ ದಿನದ ಪ್ರೇಕ್ಷಕರು ಶಾಲಾ ಮಕ್ಕಳು, ಸುಮಾರು ಮೂರು ಸಾವಿರ ಮಂದಿ. ಕಿಂಗ್ಸ್ ತಂಡದ ಒಡೆತನದಲ್ಲಿ ಮುಂಚೂಣಿಯಲ್ಲಿರುವ ವಿವೇಕ್ ರಣದಿವೆ ಅವರು ಮುಂಬಯಿಯಲ್ಲೇ ಹುಟ್ಟಿದವರಾದ್ದರಿಂದ ನಗರದ ಒಲವು ಸಹಜವಾಗಿಯೇ ಕಿಂಗ್ಸ್ ಕಡೆಗಿತ್ತು. ಆದರೆ ಎರಡೂ ಪಂದ್ಯಗಳನ್ನು ಗೆದ್ದದ್ದು ಇಂಡಿಯಾನಾ. ಮೊದಲನೆಯದನ್ನು ಹೆಚ್ಚುವರಿ ಅವಧಿಯಲ್ಲಿ 132-131ರಿಂದ, ಎರಡನೆಯದನ್ನು 24 ಅಂಕಗಳ ಅಂತರದಿಂದ.

ನಾಗಪಾಡಾದ ಮಸ್ತಾನ್ ವೈಎಂಸಿಎ ಅಂಗಳದಲ್ಲಿ ದಶಕಗಳಿಂದ ಬಾಸ್ಕೆಟ್‌ಬಾಲ್ ಉಸಿರಾಡುತ್ತಿದೆಯಾದರೂ, ಈ ಆಟವು ನಮ್ಮಂಥ ಬ್ಯಾಂಕ್ ನೌಕರರ ಮನೆಗೆ ಬಂದದ್ದು ಮಕ್ಕಳ ಮೂಲಕ, ಟಿವಿಯ ಮೂಲಕ. ಅಮೆರಿಕದ ಸಂಜೆ ನಮಗೆ ಬೆಳಗಿನ ಜಾವ. ಲೋಕಲ್ ಟ್ರೈನ್ ಹಿಡಿಯುವ ಮುನ್ನ, ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಎರಡು ಕ್ವಾರ್ಟರ್ ನೋಡಿ ಹೊರಡುವ ಅಭ್ಯಾಸ ನಮಗೆ ಹೀಗೆ ಅಂಟಿಕೊಂಡಿತು. ಆದ್ದರಿಂದ ಮುಂದಿನ ಮಾತುಗಳು ಆಟಗಾರನ ಮಾತುಗಳಲ್ಲ, ನೋಡುಗನ ಮಾತುಗಳು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಅಂದು ಮುಂಬಯಿಗೆ ಬಂದಿದ್ದ ಕಿಂಗ್ಸ್ ಆಟಗಾರರಲ್ಲಿ ದೂರದಿಂದ ಚೆಂಡನ್ನು ಬುಟ್ಟಿಗೆ ಹಾಕುವುದರಲ್ಲಿ ಎಲ್ಲರಿಗಿಂತ ನಿಪುಣರಾಗಿದ್ದವರು ಬಡ್ಡಿ ಹೀಲ್ಡ್. ಬಹಾಮಾಸ್ ದ್ವೀಪಸಮೂಹದ ಫ್ರೀಪೋರ್ಟ್ ಊರಿನವರು. ಹಿಂದಿನ ಋತುವಿನಲ್ಲಿ, ಅಂದರೆ 2018-19ರಲ್ಲಿ, ಪಂದ್ಯಕ್ಕೆ ಸರಾಸರಿ 20.7 ಅಂಕ ಗಳಿಸಿದ್ದರು. ಒಟ್ಟು 278 ಮೂರಂಕದ ಎಸೆತಗಳನ್ನು ಬುಟ್ಟಿಗೆ ಸೇರಿಸಿದ್ದರು. ಮುಂಬಯಿಯಿಂದ ಮರಳಿದ ಕೆಲವೇ ದಿನಗಳಲ್ಲಿ ತಂಡವು ಅವರೊಂದಿಗೆ ನಾಲ್ಕು ವರ್ಷಗಳ, ಎಂಟೂವರೆ ಕೋಟಿ ಡಾಲರುಗಳಿಗೂ ಮೀರಿದ ಹೊಸ ಒಪ್ಪಂದಕ್ಕೆ ಸಹಿ ಹಾಕಿತು. ಆ ಸಹಿಯ ಶಾಯಿ ಒಣಗಿ ಮೂರು ತಿಂಗಳಾಗುವಷ್ಟರಲ್ಲಿ, 2020ರ ಜನವರಿ 24ರಂದು, ಅದೇ ತಂಡದ ತರಬೇತುದಾರ ಲ್ಯೂಕ್ ವಾಲ್ಟನ್ ಅವರು ಹೀಲ್ಡ್ ಅವರನ್ನು ಆರಂಭಿಕ ಐವರಿಂದ ತೆಗೆದು ಬೆಂಚಿನಲ್ಲಿ ಕುಳ್ಳಿರಿಸಿದರು.

ತಂಡಕ್ಕೆ ಅತಿ ಹೆಚ್ಚು ಅಂಕ ತರಬಲ್ಲವನನ್ನು ಆಟದ ಆರಂಭದಲ್ಲಿ ಹೊರಗೆ ಕೂರಿಸುವುದು ವಿವೇಕವೋ ಅವಿವೇಕವೋ? ಎನ್‌ಬಿಎ ವಲಯದಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ತಂಡದ ಹೆಸರಿನಲ್ಲಿ ಪ್ರತಿ ವರ್ಷವೂ ಏಳುತ್ತದೆ. ನಮ್ಮ ನಗರದ ಅತಿಥಿಯಾಗಿದ್ದ ಹೀಲ್ಡ್ ಅವರ ಪ್ರಕರಣವನ್ನೇ ಮುಂದಿಟ್ಟುಕೊಂಡು ಅದನ್ನು ಪರಿಶೀಲಿಸುವುದು ಉಚಿತವೆಂದು ನಮಗೆ ತೋರಿತು.

ಕ್ರಿಕೆಟ್ಟಿಗೆ ಒಗ್ಗಿದ ಓದುಗರಿಗೆ ಒಂದು ವಿವರಣೆ ಅಗತ್ಯ. ಕ್ರಿಕೆಟ್ಟಿನಲ್ಲಿ ಹನ್ನೊಂದರಿಂದ ಹೊರಗುಳಿದವನು ಆ ದಿನದ ಮಟ್ಟಿಗೆ ಬಹುತೇಕ ಪ್ರೇಕ್ಷಕನೇ. ಬಾಸ್ಕೆಟ್‌ಬಾಲ್ ಹಾಗಲ್ಲ. ಅಂಗಳದಲ್ಲಿ ಏಕಕಾಲಕ್ಕೆ ಐವರು ಇರುತ್ತಾರೆ. ಎಷ್ಟು ಸಲ ಬೇಕಾದರೂ ಒಬ್ಬನನ್ನು ಕರೆಸಿ ಇನ್ನೊಬ್ಬನನ್ನು ಇಳಿಸಬಹುದು. ಎನ್‌ಬಿಎ ಪಂದ್ಯವೆಂದರೆ ಹನ್ನೆರಡು ನಿಮಿಷಗಳ ನಾಲ್ಕು ಭಾಗ, ಒಟ್ಟು 48 ನಿಮಿಷ. ಐದು ಸ್ಥಾನಗಳಿಗೆ ಗುಣಿಸಿದರೆ ತರಬೇತುದಾರನ ಖಜಾನೆಯಲ್ಲಿರುವುದು 240 ನಿಮಿಷ. ಅದನ್ನು ಎಂಟೊಂಬತ್ತು ಮಂದಿಗೆ ಹಂಚಬೇಕು. ತಾರಾ ಆಟಗಾರನಿಗೆ ಸಾಮಾನ್ಯವಾಗಿ ಮೂವತ್ತರಿಂದ ಮೂವತ್ತಾರು ನಿಮಿಷಗಳ ಪಾಲು ಸಿಗುತ್ತದೆ. ಅವನು ಮೊದಲ ಸೀಟಿಗೇ ಇಳಿದರೂ, ಐದಾರು ನಿಮಿಷ ತಡವಾಗಿ ಇಳಿದರೂ, ಆ ಪಾಲು ಹೆಚ್ಚು ವ್ಯತ್ಯಾಸವಾಗಬೇಕಾಗಿಲ್ಲ. ಲೆಕ್ಕದ ಪುಸ್ತಕದಲ್ಲಿ ನೋಡಿದರೆ ಇದು ಮೊತ್ತದ ಪ್ರಶ್ನೆಯೇ ಅಲ್ಲ, ಕಂತುಗಳ ಪ್ರಶ್ನೆ.

ಹಾಗಾದರೆ ತಡವಾಗಿ ಇಳಿಸುವುದರಿಂದ ಲಾಭವೇನು? ಚೆಂಡು ಒಂದೇ, ಪ್ರತಿ ದಾಳಿಗೂ 24 ಸೆಕೆಂಡುಗಳ ಗಡುವು. ಒಂದು ಪಂದ್ಯದಲ್ಲಿ ತಂಡಕ್ಕೆ ಸಿಗುವ ದಾಳಿಗಳು ಸುಮಾರು ನೂರು. ಚೆಂಡನ್ನು ಕೈಯಲ್ಲಿಟ್ಟುಕೊಂಡು ಆಡುವ ಇಬ್ಬರು ಮೂವರು ಏಕಕಾಲಕ್ಕೆ ಅಂಗಳದಲ್ಲಿದ್ದರೆ, ಒಬ್ಬನು ಆಡುವಾಗ ಉಳಿದವರು ಮೂಲೆಯಲ್ಲಿ ನಿಂತು ನೋಡಬೇಕಾಗುತ್ತದೆ. ಅವರಲ್ಲೊಬ್ಬನನ್ನು ಹಿಂದಕ್ಕಿಟ್ಟರೆ ಮುಖ್ಯ ಆಟಗಾರರು ವಿಶ್ರಮಿಸುವ ಹೊತ್ತಿನಲ್ಲಿ, ಅಂದರೆ ಎರಡನೆಯ ಮತ್ತು ನಾಲ್ಕನೆಯ ಭಾಗಗಳ ಆರಂಭದಲ್ಲಿ, ತಂಡದ ಅಂಕಗಳಿಕೆ ಬತ್ತುವುದಿಲ್ಲ. ಎದುರಾಳಿಯ ಕಡೆಯಲ್ಲಿ ಆಗ ಎರಡನೆಯ ಸಾಲಿನ ರಕ್ಷಕರು ಇರುತ್ತಾರೆ, ಇಲ್ಲವೇ ಮೊದಲ ಸಾಲಿನವರೇ ದಣಿದಿರುತ್ತಾರೆ.

ಈ ತತ್ತ್ವವನ್ನು ಮೊದಲಾಗಿ ವ್ಯವಸ್ಥಿತವಾಗಿ ಬಳಸಿದವರು ಬಾಸ್ಟನ್ ಸೆಲ್ಟಿಕ್ಸ್ ತಂಡದ ತರಬೇತುದಾರ ರೆಡ್ ಆರ್‌ಬಾಕ್. 1950ರ ದಶಕದಲ್ಲಿ ಫ್ರಾಂಕ್ ರಾಮ್ಸಿ ಅವರನ್ನೂ, 1962ರಲ್ಲಿ ತಂಡ ಸೇರಿದ ಜಾನ್ ಹ್ಯಾವ್ಲಿಚೆಕ್ ಅವರನ್ನೂ ಆರ್‌ಬಾಕ್ 'ಆರನೆಯ ಆಟಗಾರ'ರನ್ನಾಗಿ ರೂಪಿಸಿದರು. ರಾಮ್ಸಿ, ಹ್ಯಾವ್ಲಿಚೆಕ್ ಇಬ್ಬರೂ ಆರಂಭಿಕ ಐವರಲ್ಲಿ ಸಲ್ಲದವರೇನಲ್ಲ. ಸಲ್ಲುವವರಾದ್ದರಿಂದಲೇ ಅವರನ್ನು ಹಿಂದಿಟ್ಟದ್ದು. ಹ್ಯಾವ್ಲಿಚೆಕ್ ಮುಂದೆ 26,395 ಅಂಕ ಗಳಿಸಿ ಆ ತಂಡದ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಕಲೆಹಾಕಿದವರಾದರು. 1982-83ರಿಂದ ಆರನೆಯ ಆಟಗಾರನಿಗೆಂದೇ ವಾರ್ಷಿಕ ಪ್ರಶಸ್ತಿ ಸ್ಥಾಪನೆಯಾಯಿತು. ಮೊದಲು ಪಡೆದವರು ಫಿಲಡೆಲ್ಫಿಯಾದ ಬಾಬಿ ಜೋನ್ಸ್. ಈಗ ಆ ಪಾರಿತೋಷಕಕ್ಕೆ ಹ್ಯಾವ್ಲಿಚೆಕ್ ಅವರ ಹೆಸರೇ ಇದೆ.

ಕರಾವಳಿಯಿಂದ ಬಂದ ನಮ್ಮ ಓದುಗರಿಗಂತೂ ಈ ತತ್ತ್ವ ಹೊಸದಲ್ಲ. ಇರುಳಿಡೀ ನಡೆಯುವ ಬಯಲಾಟದಲ್ಲಿ ಸಂಜೆಯ ಪೂರ್ವರಂಗಕ್ಕೆ ಬರುವವರು ಬಾಲಗೋಪಾಲರು, ಕಲಿಕೆಯ ಹುಡುಗರು. ಮೇಳದ ಹೆಸರಾಂತ ವೇಷಧಾರಿ ರಂಗಕ್ಕೆ ಬರುವುದು ನಡುರಾತ್ರಿ ಕಳೆದ ಮೇಲೆ. ಮುಖ್ಯ ಭಾಗವತರು ಜಾಗಟೆ ಹಿಡಿಯುವುದೂ ಆಗಲೇ. ಅವರನ್ನೇಕೆ ಮೊದಲು ಕರೆಯಲಿಲ್ಲ ಎಂದು ಯಾವ ಪ್ರೇಕ್ಷಕನೂ ಕೇಳುವುದಿಲ್ಲ. ಅವರಿಗಾಗಿಯೇ ನಿದ್ದೆಗೆಟ್ಟು ಕಾಯುತ್ತಾನೆ. ಯಕ್ಷಗಾನದಲ್ಲಿ ತಡವಾದ ಪ್ರವೇಶವೇ ಗೌರವದ ಗುರುತು. ಎನ್‌ಬಿಎಯಲ್ಲಿ ಅದೇ ಅವಮಾನದ ಗುರುತಾಗಿ ಉಳಿದಿದೆ.

ಉಳಿದದ್ದಕ್ಕೆ ಕಾರಣಗಳೂ ಇವೆ. ಅವನ್ನು ಕೇವಲ ಅಹಂಕಾರವೆಂದು ತಳ್ಳಿಹಾಕುವವರ ಜೊತೆ ನಾವು ಸೇರಲಾರೆವು. ಪಂದ್ಯಕ್ಕೆ ಮುನ್ನ ಕ್ರೀಡಾಂಗಣದ ದೀಪಗಳನ್ನು ಆರಿಸಿ, ಐವರ ಹೆಸರುಗಳನ್ನು ಒಂದೊಂದಾಗಿ ಕೂಗಿ ಕರೆಯುತ್ತಾರೆ. ಆ ಐದರಲ್ಲಿ ತನ್ನ ಹೆಸರು ಇಲ್ಲದಿರುವುದನ್ನು ಊರಿಗೆ ಊರೇ ಗಮನಿಸುತ್ತದೆ. ಇನ್ನು ಹಣ. ಆಟಗಾರರ ಸಂಘಕ್ಕೂ ಎನ್‌ಬಿಎಗೂ ನಡುವಣ ಸಾಮೂಹಿಕ ಒಪ್ಪಂದದಲ್ಲಿ 'ಆರಂಭಿಕ' ಎಂಬ ಮಾತಿಗೆ ನೇರವಾದ ಬೆಲೆಯಿದೆ. ಮೊದಲ ಒಪ್ಪಂದ ಮುಗಿಸುತ್ತಿರುವ ಯುವ ಆಟಗಾರನಿಗೆ ತಂಡವು ಮುಂದಿಡಬೇಕಾದ ಕೊಡುಗೆಯ ಮೊತ್ತವನ್ನು ನಿಗದಿಪಡಿಸುವಾಗ, ಅವನು ಋತುವಿನ 82 ಪಂದ್ಯಗಳಲ್ಲಿ 41ನ್ನು ಆರಂಭಿಸಿದ್ದಾನೆಯೇ, ಇಲ್ಲವೇ 2,000 ನಿಮಿಷ ಆಡಿದ್ದಾನೆಯೇ ಎಂದು ನೋಡುವ ನಿಯಮವಿದೆ. ಸೇವಾ ಹಿರಿತನದ ಪಟ್ಟಿಯಲ್ಲಿ ಒಂದು ಸಾಲು ಮೇಲೆ ಕೆಳಗೆ ಆದರೆ ಏನಾಗುತ್ತದೆ ಎಂಬುದನ್ನು ಬಲ್ಲ ನಮ್ಮಂಥವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಜೇಮ್ಸ್ ಹಾರ್ಡನ್ ಅವರ ಕಥೆಯನ್ನೇ ನೋಡಿ. ಒಕ್ಲಹೋಮಾ ಸಿಟಿ ತಂಡದಲ್ಲಿ ಬೆಂಚಿನಿಂದ ಬಂದು ಪಂದ್ಯಕ್ಕೆ 16.8 ಅಂಕ ಗಳಿಸಿ 2012ರಲ್ಲಿ ಆರನೆಯ ಆಟಗಾರನ ಪ್ರಶಸ್ತಿ ಪಡೆದರು. ತಂಡ ಅಂತಿಮ ಸುತ್ತನ್ನೂ ತಲುಪಿತು. ಆ ಅಕ್ಟೋಬರಿನಲ್ಲಿ ಒಪ್ಪಂದದ ಮೊತ್ತದ ಬಗ್ಗೆ ಮಾತು ಮುರಿದು ಅವರನ್ನು ಹ್ಯೂಸ್ಟನ್‌ಗೆ ಬಿಟ್ಟುಕೊಡಲಾಯಿತು. ಅಲ್ಲಿ ಆರಂಭಿಕ ಆಟಗಾರನಾದ ಮೊದಲ ವರ್ಷವೇ ಅವರ ಸರಾಸರಿ 25.9ಕ್ಕೆ ಏರಿತು. 2018ರಲ್ಲಿ ಇಡೀ ಎನ್‌ಬಿಎಯ ಅತ್ಯಮೂಲ್ಯ ಆಟಗಾರರೆನಿಸಿದರು. ಬೆಂಚಿನ ಪಾತ್ರವನ್ನು ನಗುಮುಖದಿಂದ ಒಪ್ಪಿಕೊಂಡವನಿಗೆ ಅದೇ ಬೆಲೆ ಕಟ್ಟುತ್ತಾರೆ ಎಂಬ ಪಾಠವನ್ನು ಇತರ ಆಟಗಾರರು ಇದರಿಂದ ಕಲಿತಿದ್ದರೆ ಅವರನ್ನು ದೂಷಿಸುವುದು ಹೇಗೆ?

ಒಪ್ಪಿಕೊಳ್ಳಲಾರದವರ ಪಟ್ಟಿಯೂ ದೊಡ್ಡದಿದೆ. ನಾಲ್ಕು ಬಾರಿ ಅಂಕಗಳಿಕೆಯಲ್ಲಿ ಅಗ್ರಸ್ಥಾನ ಪಡೆದಿದ್ದ ಅಲೆನ್ ಐವರ್ಸನ್ 2009ರ ವಸಂತದಲ್ಲಿ ಡೆಟ್ರಾಯಿಟ್ ತಂಡದಲ್ಲಿ, ಬೆಂಚಿನಿಂದ ಆಡುವುದಕ್ಕಿಂತ ನಿವೃತ್ತಿಯೇ ಲೇಸೆಂಬ ಧಾಟಿಯಲ್ಲಿ ಬಹಿರಂಗವಾಗಿಯೇ ಮಾತಾಡಿದರು. ಆ ವರ್ಷ ಮೆಂಫಿಸ್ ಸೇರಿ, ಮೂರೇ ಪಂದ್ಯ ಆಡಿ ಹೊರನಡೆದರು. 2017ರಲ್ಲಿ ಕಾರ್ಮೆಲೊ ಆಂಥೊನಿ ಅವರನ್ನು ಪತ್ರಕರ್ತರು ಬೆಂಚಿನ ಬಗ್ಗೆ ಕೇಳಿದಾಗ ಅವರು ನಕ್ಕೇಬಿಟ್ಟರು. ಮುಂದಿನ ವರ್ಷ ಹ್ಯೂಸ್ಟನ್‌ನಲ್ಲಿ ಆ ಪಾತ್ರಕ್ಕೆ ಒಪ್ಪಿದರಾದರೂ ಹತ್ತು ಪಂದ್ಯಗಳಿಗೇ ಸಂಬಂಧ ಮುಗಿಯಿತು. ಕ್ರಿಕೆಟ್ಟಿನಲ್ಲೂ ನಾವು ಇಂಥದನ್ನು ಕಂಡಿದ್ದೇವೆ: 2007ರ ವಿಶ್ವಕಪ್‌ನಲ್ಲಿ ಸಚಿನ್ ತೆಂಡೂಲ್ಕರ್ ಅವರನ್ನು ಆರಂಭಿಕ ಸ್ಥಾನದಿಂದ ನಾಲ್ಕನೆಯ ಕ್ರಮಾಂಕಕ್ಕೆ ಇಳಿಸಿದಾಗ ಎದ್ದ ಅಸಮಾಧಾನವನ್ನು ಮುಂಬಯಿಗರಾದ ನಾವು ಬೇಗ ಮರೆಯಲಾರೆವು. ಕಾಗದದ ಮೇಲೆ ಆ ಯೋಚನೆ ತಪ್ಪಿರಲಿಲ್ಲ. ಭಾರತ ಮೊದಲ ಸುತ್ತಿನಲ್ಲೇ ಮನೆಗೆ ಬಂತು.

ಈಗ ಸ್ಯಾಕ್ರಮೆಂಟೊಗೆ ಮರಳೋಣ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿ: ಹೀಲ್ಡ್ ಅವರ ಅಸಮಾಧಾನ ಜನವರಿಯಲ್ಲಿ ಹುಟ್ಟಿದ್ದಲ್ಲ. 2019ರ ಡಿಸೆಂಬರ್ 26ರಂದು ಮಿನೆಸೋಟ ವಿರುದ್ಧದ ಪಂದ್ಯ ಎರಡು ಹೆಚ್ಚುವರಿ ಅವಧಿಗಳವರೆಗೆ ಎಳೆದು ಕಿಂಗ್ಸ್ ಒಂದೇ ಅಂಕದಿಂದ ಸೋತಿತು. ಆ ಪಂದ್ಯವನ್ನು ಹೀಲ್ಡ್ ಆರಂಭಿಸಿದ್ದರು, ಆದರೆ ನಿರ್ಣಾಯಕ ಕೊನೆಯ ಹೊತ್ತಿನಲ್ಲಿ ಹೊರಗೆ ಕೂತಿದ್ದರು. ಪಂದ್ಯದ ಬಳಿಕ ಅವರು ತಂಡದೊಳಗೆ ನಂಬಿಕೆಯ ಕೊರತೆಯಿದೆ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು. ಅಂದರೆ ಅವರಿಗೆ ಮೊದಲು ಚುಚ್ಚಿದ್ದು ಆರಂಭದ ಸ್ಥಾನ ತಪ್ಪಿದ್ದಲ್ಲ, ಅಂತ್ಯದ ಸ್ಥಾನ ತಪ್ಪಿದ್ದು. ಆರ್‌ಬಾಕ್ ಅವರ ಇಡೀ ತತ್ತ್ವ ನಿಂತಿರುವುದೇ ಯಾರು ಮೊದಲು ಇಳಿಯುತ್ತಾರೆ ಎನ್ನುವುದಕ್ಕಿಂತ ಕೊನೆಯಲ್ಲಿ ಯಾರು ಅಂಗಳದಲ್ಲಿರುತ್ತಾರೆ ಎನ್ನುವುದು ಮುಖ್ಯ ಎಂಬುದರ ಮೇಲೆ. ಸ್ಯಾಕ್ರಮೆಂಟೊದಲ್ಲಿ ಅದು ತಿರುವುಮುರುವಾಗಿತ್ತು. ಹೀಲ್ಡ್ ಅವರಿಗೆ ಆರಂಭದ ಮರ್ಯಾದೆ ಇತ್ತು, ಅಂತ್ಯದ ವಿಶ್ವಾಸ ಇರಲಿಲ್ಲ.

ಜನವರಿಯ ಮೂರನೆಯ ವಾರ ಮುಗಿಯುವಷ್ಟರಲ್ಲಿ ತಂಡದ ಲೆಕ್ಕ 15 ಗೆಲುವು, 29 ಸೋಲು. ಸತತ ಸೋಲುಗಳ ಸರಪಳಿ. ಆಗ ವಾಲ್ಟನ್ ಅವರು ಸರ್ಬಿಯಾದ ಬೊಗ್ದಾನ್ ಬೊಗ್ದಾನೊವಿಚ್ ಅವರನ್ನು ಬೆಂಚಿನಿಂದ ಆರಂಭಕ್ಕೆ ತಂದು, ಹೀಲ್ಡ್ ಅವರನ್ನು ಆರಂಭದಿಂದ ಬೆಂಚಿಗೆ ಒಯ್ದರು. ಜನವರಿ 24ರಂದು ಶಿಕಾಗೊದಲ್ಲಿ ತಂಡ ಗೆದ್ದಿತು. ಮೂರು ದಿನಗಳ ಬಳಿಕ, ಅದೇ ಮಿನೆಸೋಟ ತಂಡದ ವಿರುದ್ಧ ಅವರದೇ ಅಂಗಳದಲ್ಲಿ ನಡೆದ ಪಂದ್ಯ ಈಗಲೂ ಮಾತಿಗೆ ಬರುತ್ತದೆ. ಮೂರು ನಿಮಿಷಗಳಿಗಿಂತ ಕಡಿಮೆ ಸಮಯ ಉಳಿದಿದ್ದಾಗ ಕಿಂಗ್ಸ್ 17 ಅಂಕ ಹಿಂದಿತ್ತು. ಅಂಥ ಸ್ಥಿತಿಯಿಂದ ಗೆದ್ದ ತಂಡ ಅದಕ್ಕೂ ಮುಂಚಿನ ಎಂಟು ಸಾವಿರಕ್ಕೂ ಹೆಚ್ಚು ಪಂದ್ಯಗಳಲ್ಲಿ ಒಂದೂ ಇರಲಿಲ್ಲ. ಕೊನೆಯ ಕ್ಷಣಗಳಲ್ಲಿ ಡಿಆರನ್ ಫಾಕ್ಸ್ ಬೇಕೆಂದೇ ಫ್ರೀ ಥ್ರೋ ಒಂದನ್ನು ತಪ್ಪಿಸಿ, ಪುಟಿದ ಚೆಂಡನ್ನು ತಾವೇ ಹಿಡಿದು ಬುಟ್ಟಿಗೆ ಹಾಕಿ ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಕಿಂಗ್ಸ್ 133-129ರಿಂದ ಗೆದ್ದಿತು. ಬೆಂಚಿನಿಂದ ಬಂದ ಹೀಲ್ಡ್ ಗಳಿಸಿದ್ದು 42 ಅಂಕ, ಅದರಲ್ಲಿ ಮೂರಂಕದ ಎಸೆತಗಳೇ ಒಂಬತ್ತು. ಮತ್ತು ಆ ದಿನ ಅವರು ಕೊನೆಯವರೆಗೂ ಅಂಗಳದಲ್ಲಿದ್ದರು. ಫೆಬ್ರವರಿಯಲ್ಲಿ ಶಿಕಾಗೊದಲ್ಲಿ ನಡೆದ ಮೂರಂಕದ ಎಸೆತಗಳ ಸ್ಪರ್ಧೆಯನ್ನೂ ಗೆದ್ದರು. ಇಡೀ ಎನ್‌ಬಿಎಯ ಅತ್ಯುತ್ತಮ ಗುರಿಕಾರನೆನಿಸಿಕೊಂಡವರು ತಮ್ಮ ತಂಡದ ಮೊದಲ ಐವರಲ್ಲಿ ಇರಲಿಲ್ಲ.

ಮಾರ್ಚ್ 11ರಂದು ಕೊರೊನಾ ಕಾರಣದಿಂದ ಋತು ಸ್ಥಗಿತಗೊಂಡಾಗ ಕಿಂಗ್ಸ್ ತಂಡದ ಲೆಕ್ಕ 28-36. ಬದಲಾವಣೆಯ ಬಳಿಕದ ಇಪ್ಪತ್ತು ಪಂದ್ಯಗಳಲ್ಲಿ 13 ಗೆಲುವು, 7 ಸೋಲು. ಅಂಕಿಅಂಶದ ಮಟ್ಟಿಗೆ ವಾಲ್ಟನ್ ಗೆದ್ದರು ಎಂದು ಬಹುಮಂದಿ ಬರೆದರು. ನಾವು ಅಷ್ಟು ಬೇಗ ಮೊಹರು ಒತ್ತಲಾರೆವು. ಅದೇ ಜನವರಿಯಲ್ಲಿ ತಂಡವು ಪೋರ್ಟ್‌ಲೆಂಡ್‌ನೊಂದಿಗೆ ಅದಲುಬದಲು ನಡೆಸಿ ಕೆಂಟ್ ಬೇಜ್‌ಮೋರ್ ಅವರನ್ನು ಕರೆತಂದಿತ್ತು. ಋತುವಿನ ಆರಂಭದಲ್ಲಿ ಕಣಕಾಲಿನ ಗಾಯದಿಂದ ಹದಿನೇಳು ಪಂದ್ಯ ತಪ್ಪಿಸಿಕೊಂಡಿದ್ದ ಫಾಕ್ಸ್ ಆ ಹೊತ್ತಿಗೆ ಪೂರ್ಣ ಲಯಕ್ಕೆ ಮರಳಿದ್ದರು. ಒಂದೇ ಖಾತೆಗೆ ಮೂರು ಕಡೆಯಿಂದ ಜಮೆಯಾದಾಗ, ಉಳಿತಾಯವೆಲ್ಲ ಒಂದೇ ಚೆಕ್ಕಿನಿಂದ ಬಂತೆನ್ನುವುದು ಲೆಕ್ಕಿಗನ ಮಾತಾಗದು.

ಇದಲ್ಲದೆ, ಆಟದ ದೃಷ್ಟಿಯಿಂದ ಹೀಲ್ಡ್ ಆ ಪಾತ್ರಕ್ಕೆ ಹೇಳಿ ಮಾಡಿಸಿದವರೇನಲ್ಲ ಎಂಬುದು ನಮ್ಮ ಅಭಿಪ್ರಾಯ. ಬೆಂಚಿನಿಂದ ಬಂದು ಹೆಸರು ಮಾಡಿದ ಅಂಕಗಳಿಕೆಯ ತಾರೆಗಳನ್ನು ನೋಡಿ: ಮೂರು ಮೂರು ಬಾರಿ ಆ ಪ್ರಶಸ್ತಿ ಪಡೆದ ಜಮಾಲ್ ಕ್ರಾಫರ್ಡ್ ಮತ್ತು ಲೂ ವಿಲಿಯಮ್ಸ್ ಇಬ್ಬರೂ ಚೆಂಡನ್ನು ಪುಟಿಸುತ್ತಾ ತಮ್ಮ ಅವಕಾಶವನ್ನು ತಾವೇ ಸೃಷ್ಟಿಸಿಕೊಳ್ಳುವವರು. ಪಾಸ್ ಕೊಡುವವರಿಲ್ಲದಿದ್ದರೂ ಅವರ ಕೆಲಸ ನಡೆಯುತ್ತದೆ. ಹೀಲ್ಡ್ ಅವರ ಶಕ್ತಿ ಬೇರೆ. ಅವರು ಓಡುತ್ತಾ ಜಾಗ ಹುಡುಕಿ, ಇನ್ನೊಬ್ಬರು ಕೊಟ್ಟ ಚೆಂಡನ್ನು ಹಿಡಿದ ಕೂಡಲೇ ಎಸೆಯುವವರು. ಅಂಥವರಿಗೆ ಫಾಕ್ಸ್‌ನಂಥ ವೇಗಿಯ ಜೊತೆ ಬೇಕು. ಅವರನ್ನು ಎರಡನೆಯ ಸಾಲಿಗೆ ತಂದರೆ ಚೆಂಡು ಹೆಚ್ಚು ಸಿಗುತ್ತದೆ, ಒಳ್ಳೆಯ ಪಾಸು ಕಡಿಮೆಯಾಗುತ್ತದೆ. ನಮಗೆ ತೋರುವಂತೆ ಆ ಬದಲಾವಣೆಯ ನಿಜವಾದ ಲಾಭ ಹೀಲ್ಡ್ ಬೆಂಚಿಗೆ ಹೋದದ್ದರಿಂದ ಬಂದುದಲ್ಲ, ಬೊಗ್ದಾನೊವಿಚ್ ಮುಂದೆ ಬಂದದ್ದರಿಂದ ಬಂದದ್ದು. ಚೆಂಡನ್ನು ಹಂಚಬಲ್ಲ ಇನ್ನೊಬ್ಬ ಫಾಕ್ಸ್ ಜೊತೆಗೆ ದೊರೆತದ್ದರಿಂದ ಮೊದಲ ಐವರ ಆಟ ಸಡಿಲಗೊಂಡಿತು.

ಮುಂದಿನ ವರ್ಷ ಇದಕ್ಕೆ ಒಂದು ವಿಚಿತ್ರ ಪರೀಕ್ಷೆಯೂ ನಡೆಯಿತು. 2019-20ರ ಋತು ಮುಗಿದಾಗ ಕಿಂಗ್ಸ್ 31 ಗೆಲುವು, 41 ಸೋಲು. ಹೀಲ್ಡ್ ಆಡಿದ್ದು 72 ಪಂದ್ಯ, ಆರಂಭಿಸಿದ್ದು 44. ಆ ನವೆಂಬರಿನಲ್ಲಿ ಬೊಗ್ದಾನೊವಿಚ್ ಅಟ್ಲಾಂಟಾಗೆ ಹೊರಟುಹೋದರು. ಅವರಿಗೆ ಬಂದ 7.2 ಕೋಟಿ ಡಾಲರುಗಳ ಕೊಡುಗೆಯನ್ನು ಸರಿಗಟ್ಟಲು ಸ್ಯಾಕ್ರಮೆಂಟೊ ಒಪ್ಪಲಿಲ್ಲ. ಹೀಲ್ಡ್ ಮತ್ತೆ ಆರಂಭಕ್ಕೆ ಬಂದರು, 2020-21ರಲ್ಲಿ ತಾವಾಡಿದ 71 ಪಂದ್ಯಗಳನ್ನೂ ಆರಂಭಿಸಿದರು. ತಂಡದ ಲೆಕ್ಕ? ಮತ್ತೆ 31-41. ಬೆಂಚಿನಲ್ಲಿಟ್ಟರೂ ಅಷ್ಟೇ, ಮುಂದಿಟ್ಟರೂ ಅಷ್ಟೇ. ಅದರ ಮರುವರ್ಷ ಹೀಲ್ಡ್ ಪುನಃ ಬೆಂಚಿಗೆ. 2021ರ ನವೆಂಬರಿನಲ್ಲಿ ವಾಲ್ಟನ್ ಅವರನ್ನು ಹುದ್ದೆಯಿಂದ ತೆಗೆದರು, 2022ರ ಫೆಬ್ರವರಿಯಲ್ಲಿ ಹೀಲ್ಡ್ ಅವರನ್ನು ಇಂಡಿಯಾನಾಗೆ ಕಳುಹಿಸಿದರು, ಮುಂಬಯಿಯಲ್ಲಿ ಎದುರಾಳಿಯಾಗಿದ್ದ ಅದೇ ಪೇಸರ್ಸ್ ತಂಡಕ್ಕೆ.

ಇಲ್ಲಿ ವಿಧಿಯ ಒಂದು ಚಮತ್ಕಾರವನ್ನು ಹೇಳದೆ ಇರಲಾಗದು. ಲ್ಯೂಕ್ ವಾಲ್ಟನ್ ಅವರ ತಂದೆ ಬಿಲ್ ವಾಲ್ಟನ್. 1978ರಲ್ಲಿ ಎನ್‌ಬಿಎಯ ಅತ್ಯಮೂಲ್ಯ ಆಟಗಾರರಾಗಿದ್ದ ಅವರು ಪಾದದ ಗಾಯಗಳಿಂದ ವರ್ಷಗಟ್ಟಲೆ ಬಳಲಿ, ಕೊನೆಗೆ ಬಾಸ್ಟನ್ ಸೇರಿ, ಬೆಂಚಿನಿಂದ ಬಂದು ಆಡಿ, 1986ರಲ್ಲಿ ಆರನೆಯ ಆಟಗಾರನ ಪ್ರಶಸ್ತಿಯನ್ನೂ ಚಾಂಪಿಯನ್ ಪಟ್ಟವನ್ನೂ ಪಡೆದರು. ಅತಿ ಎತ್ತರದ ಪೀಠದಿಂದ ಇಳಿದು ಬೆಂಚಿನಲ್ಲಿ ಸುಖವಾಗಿ ಕುಳಿತ ತಂದೆಯ ಮಗನಿಗೆ, ಇನ್ನೂ ಪೀಠವನ್ನೇ ಏರದ ಯುವಕನ ಸಂಕಟ ಎಷ್ಟರಮಟ್ಟಿಗೆ ಅರ್ಥವಾಯಿತೋ.

ಹಾಗೆಂದು ಈ ಪ್ರಯೋಗವೇ ವ್ಯರ್ಥವೆನ್ನುವಂತಿಲ್ಲ; ಮನು ಜಿನೋಬಿಲಿ ಅವರ ಉದಾಹರಣೆ ಕಣ್ಣೆದುರಿಗಿದೆ. ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾದಿಂದ ಬಂದ ಇವರು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ತಮ್ಮ ದೇಶಕ್ಕೆ ಚಿನ್ನ ತಂದವರು. ಸಾನ್ ಆಂಟೋನಿಯೊ ಸ್ಪರ್ಸ್ ತಂಡದಲ್ಲಿ ತರಬೇತುದಾರ ಗ್ರೆಗ್ ಪಾಪೊವಿಚ್ ಇವರನ್ನು ಬೆಂಚಿನಿಂದ ಇಳಿಸತೊಡಗಿದಾಗ ಅವರ ಬಳಿ ಆಗಲೇ ಎರಡು ಚಾಂಪಿಯನ್ ಪಟ್ಟಗಳಿದ್ದವು. 2007ರಲ್ಲಿ ಮೂರನೆಯದು ಬಂತು. 2007-08ರಲ್ಲಿ ಪಂದ್ಯಕ್ಕೆ 19.5 ಅಂಕ ಗಳಿಸಿ ಆರನೆಯ ಆಟಗಾರನ ಪ್ರಶಸ್ತಿ ಪಡೆದರು. ಎನ್‌ಬಿಎಯಲ್ಲಿ ಆಡಿದ 1,057 ಪಂದ್ಯಗಳಲ್ಲಿ ಅವರು ಆರಂಭಿಸಿದ್ದು 349 ಮಾತ್ರ. ಆದರೂ 2022ರಲ್ಲಿ ಅವರಿಗೆ ಹಾಲ್ ಆಫ್ ಫೇಮ್ ಗೌರವ ಸಂದಿತು. ಪಾಪೊವಿಚ್ ಅದನ್ನು ಒಂದು ವ್ರತದಂತೆ ಹಿಡಿದು ಕೂತವರೂ ಅಲ್ಲ. 2010-11ರಲ್ಲಿ ಜಿನೋಬಿಲಿ ಆಡಿದ ಬಹುತೇಕ ಎಲ್ಲ ಪಂದ್ಯಗಳನ್ನೂ ಆರಂಭಿಸಿದರು, ತಂಡ 61 ಪಂದ್ಯ ಗೆದ್ದಿತು, ಆದರೆ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಎಂಟನೆಯ ಶ್ರೇಯಾಂಕದ ಮೆಂಫಿಸ್‌ಗೆ ಸೋತಿತು. ಮರುವರ್ಷದಿಂದ ಜಿನೋಬಿಲಿ ಮತ್ತೆ ಬೆಂಚಿನಲ್ಲಿ. 2014ರಲ್ಲಿ ನಾಲ್ಕನೆಯ ಪಟ್ಟ. ಇಷ್ಟೆಲ್ಲದರ ನಡುವೆ ಬದಲಾಗದ ಸಂಗತಿಯೆಂದರೆ, ಅಂಕಪಟ್ಟಿ ಬಿಗಿಯಾಗಿರುವ ಕೊನೆಯ ಐದು ನಿಮಿಷಗಳಲ್ಲಿ ಜಿನೋಬಿಲಿ ಅಂಗಳದಲ್ಲಿರುತ್ತಿದ್ದರು. ಅವರಿಗೂ ಅದು ಗೊತ್ತಿತ್ತು, ಎದುರಾಳಿಗಳಿಗೂ ಗೊತ್ತಿತ್ತು.

ನಮ್ಮ ಅನುಭವದ ಒಂದು ಸಣ್ಣ ಸಂಗತಿಯನ್ನು ಇಲ್ಲಿ ನೆನೆಯುವುದಕ್ಕೆ ಓದುಗರು ಅನುಮತಿಸಬೇಕು. ಹಲವು ವರ್ಷಗಳ ಹಿಂದೆ, ನೋಟು ಎಣಿಸುವ ಯಂತ್ರ ಇನ್ನೂ ಎಲ್ಲ ಕಡೆಗೆ ಬಾರದಿದ್ದ ಕಾಲದಲ್ಲಿ, ಉಪನಗರದ ಒಂದು ಶಾಖೆಯಲ್ಲಿ ನಾವಿದ್ದೆವು. ನಮ್ಮ ಸಹೋದ್ಯೋಗಿಯೊಬ್ಬರ ಬೆರಳುಗಳ ಚುರುಕಿಗೆ ಸಾಟಿಯಿರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ಮೊದಲನೆಯ ಕೌಂಟರ್ ಅವರದು. ಹೊಸದಾಗಿ ಬಂದ ಮ್ಯಾನೇಜರರು ಲೆಕ್ಕ ಹಾಕಿದರು: ಬೆಳಿಗ್ಗೆ ಬರುವವರು ಪಿಂಚಣಿಯ ಹಿರಿಯರು, ಸಣ್ಣ ಮೊತ್ತ, ಅವಸರವಿಲ್ಲ, ನಿಜವಾದ ನೂಕುನುಗ್ಗಲು ಮಧ್ಯಾಹ್ನ ಹನ್ನೆರಡರ ಮೇಲೆ, ಅಂಗಡಿಯವರು ಚೀಲಗಟ್ಟಲೆ ನಗದು ತಂದಾಗ. ಆದ್ದರಿಂದ ಚುರುಕು ಬೆರಳಿನವರು ಬೆಳಿಗ್ಗೆ ಹಿಂದಿನ ಮೇಜಿನಲ್ಲಿ ಲೆಡ್ಜರ್ ನೋಡಲಿ, ಹನ್ನೆರಡಕ್ಕೆ ಕೌಂಟರಿಗೆ ಬರಲಿ. ಸಾಲು ಅರ್ಧಕ್ಕಿಳಿಯಿತು, ಲೆಕ್ಕ ಸರಿಯಾಗಿತ್ತು. ಆದರೆ ಈ ಬದಲಾವಣೆಯನ್ನು ಅವರಿಗೆ ತಿಳಿಸಿದ್ದು ಮೇಜಿನ ಮೇಲಿಟ್ಟ ಒಂದು ಚೀಟಿ. ಬೆಳಗಿನ ಗಿರಾಕಿಗಳು ಇಣುಕಿ, "ಏನು ಸಾಹೇಬರೇ, ನಿಮ್ಮನ್ನು ಹಿಂದೆ ಕೂರಿಸಿಬಿಟ್ಟರೇ?" ಎಂದು ಕೇಳುತ್ತಿದ್ದರು. ಚಹಾದ ಹೊತ್ತಿನಲ್ಲಿ ನಾವೂ ಆ ಮಾತನ್ನೇ ತಮಾಷೆಯಾಗಿ ಆಡಿದ್ದುಂಟು. ಆರು ತಿಂಗಳಲ್ಲಿ ಅವರು ವರ್ಗಾವಣೆ ಕೇಳಿಕೊಂಡು ಹೊರಟುಹೋದರು. ಮಧ್ಯಾಹ್ನದ ಸಾಲು ಮತ್ತೆ ರಸ್ತೆಯವರೆಗೆ ಬೆಳೆಯಿತು.

ಆದ್ದರಿಂದ ತಾರೆಯನ್ನು ಬೆಂಚಿನಿಂದ ಇಳಿಸಬಹುದೇ ಎಂದರೆ ನಮ್ಮ ಉತ್ತರ ಹೌದು, ಆದರೆ ಅವನು ತನ್ನ ಅವಕಾಶವನ್ನು ತಾನೇ ಕಟ್ಟಿಕೊಳ್ಳಬಲ್ಲವನಾಗಿದ್ದರೆ ಮಾತ್ರ; ಮತ್ತು ಆರಂಭವನ್ನು ಅವನಿಂದ ಪಡೆಯುವವನು ಅಂತ್ಯವನ್ನು ಅವನಿಗೆ ಕೊಡಲು ಸಿದ್ಧನಿದ್ದರೆ ಮಾತ್ರ. ಎರಡನ್ನೂ ಕಸಿದುಕೊಂಡರೆ ಅದನ್ನು ಯುಕ್ತಿಯೆಂದು ಕರೆಯಲಾಗದು, ಹಿಂಬಡ್ತಿ ಎಂದೇ ಕರೆಯಬೇಕು. ಸೋಲುತ್ತಿರುವ ತಂಡದಲ್ಲಂತೂ ಈ ಪ್ರಯೋಗ ಇನ್ನೂ ಕಷ್ಟ. ಗೆಲ್ಲುವ ತಂಡದ ಆರನೆಯವನಿಗೆ ಪಟ್ಟದ ಪಾಲಾದರೂ ಸಿಗುತ್ತದೆ. 15-29ರ ತಂಡದ ಆರನೆಯವನಿಗೆ ಸಿಗುವುದು ಸೋಲಿನ ಹೊಣೆಯ ಪಾಲು ಮಾತ್ರ. ಹೀಲ್ಡ್ ಅವರು ಪತ್ರಕರ್ತರ ಮುಂದೆ ಗೊಣಗಿದ್ದು ಅಂದವಾಗಿರಲಿಲ್ಲ. ಆದರೆ ದೊಡ್ಡ ಮೊತ್ತದ ಒಪ್ಪಂದಕ್ಕೆ ಅಕ್ಟೋಬರಿನಲ್ಲಿ ಸಹಿ ಹಾಕುವಾಗ ಜನವರಿಯ ಯೋಚನೆ ತಂಡಕ್ಕಿತ್ತೇ, ಇದ್ದರೆ ಹೇಳಿತ್ತೇ, ಎಂಬ ಪ್ರಶ್ನೆಯನ್ನು ಅವರು ಕೇಳಿದ್ದರೆ ಅದು ನ್ಯಾಯವಾದ ಪ್ರಶ್ನೆ.

ನಂತರದ ವರ್ಷಗಳಲ್ಲಿ ಇದೇ ನಾಟಕ ಸ್ಯಾಕ್ರಮೆಂಟೊದಿಂದ ಹೆಚ್ಚು ದೂರವಿಲ್ಲದ ಸಾನ್ ಫ್ರಾನ್ಸಿಸ್ಕೊದಲ್ಲಿ, ಇನ್ನೂ ದೊಡ್ಡ ಹೆಸರಿನೊಂದಿಗೆ ನಡೆಯಿತು. ಗೋಲ್ಡನ್ ಸ್ಟೇಟ್ ತಂಡದೊಂದಿಗೆ ನಾಲ್ಕು ಪಟ್ಟ ಗೆದ್ದಿದ್ದ ಕ್ಲೇ ಥಾಂಪ್ಸನ್ ಅವರನ್ನು 2024ರ ಫೆಬ್ರವರಿ 15ರಂದು ತರಬೇತುದಾರ ಸ್ಟೀವ್ ಕರ್ ಬೆಂಚಿನಲ್ಲಿ ಕೂರಿಸಿದರು. 2012ರ ಬಳಿಕ ಅದೇ ಮೊದಲು. ಅವರ ಜಾಗದಲ್ಲಿ ಆರಂಭಿಸಿದ್ದು ಅದೇ ವರ್ಷ ಎನ್‌ಬಿಎಗೆ ಬಂದ ಬ್ರಾಂಡಿನ್ ಪೊಡ್ಜೆಮ್ಸ್ಕಿ. ಅಂದು ಯೂಟಾ ವಿರುದ್ಧ ಥಾಂಪ್ಸನ್ 28 ನಿಮಿಷಗಳಲ್ಲಿ 35 ಅಂಕ ಗಳಿಸಿದರು, ತಂಡ 140-137ರಿಂದ ಗೆದ್ದಿತು. ಒಟ್ಟು ಹದಿನಾಲ್ಕು ಪಂದ್ಯಗಳಲ್ಲಿ ಅವರು ಬೆಂಚಿನಿಂದ ಬಂದರು. ಬಳಿಕ ಆರಂಭಕ್ಕೆ ಮರಳಿದರು. ಏಪ್ರಿಲ್ 16ರಂದು ಪ್ಲೇ-ಇನ್ ಪಂದ್ಯದಲ್ಲಿ, ಸ್ಯಾಕ್ರಮೆಂಟೊದ ಅಂಗಳದಲ್ಲೇ, ಹತ್ತು ಎಸೆತಗಳಲ್ಲಿ ಒಂದೂ ಬುಟ್ಟಿಗೆ ಬೀಳದೆ ಸೊನ್ನೆ ಅಂಕಗಳೊಂದಿಗೆ ಅವರ ಋತು ಮುಗಿಯಿತು. ಜುಲೈನಲ್ಲಿ ಅವರು ಡಲ್ಲಾಸ್ ಸೇರಿದರು.

ಅವರು ತೆರವು ಮಾಡಿದ ಜಾಗಕ್ಕೆ, ದೂರದ ಗುರಿಕಾರನೊಬ್ಬ ಬೇಕೆಂದು, ಗೋಲ್ಡನ್ ಸ್ಟೇಟ್ ಅದೇ ಜುಲೈನಲ್ಲಿ ಕರೆತಂದದ್ದು ಬಡ್ಡಿ ಹೀಲ್ಡ್ ಅವರನ್ನು. ಮೂವತ್ತರ ಗಡಿ ದಾಟಿದ್ದ ಹೀಲ್ಡ್ 2024-25ರಲ್ಲಿ ಎಲ್ಲ 82 ಪಂದ್ಯಗಳನ್ನೂ ಆಡಿದರು, ಹೆಚ್ಚಿನವನ್ನು ಬೆಂಚಿನಿಂದ ಬಂದು. 2025ರ ಮೇ 4ರಂದು ಹ್ಯೂಸ್ಟನ್‌ನಲ್ಲಿ ನಡೆದ ಪ್ಲೇಆಫ್‌ನ ಏಳನೆಯ ಪಂದ್ಯದಲ್ಲಿ ಒಂಬತ್ತು ಮೂರಂಕದ ಎಸೆತಗಳೊಂದಿಗೆ 33 ಅಂಕ ಗಳಿಸಿ ತಂಡವನ್ನು ಎರಡನೆಯ ಸುತ್ತಿಗೆ ದಾಟಿಸಿದರು. ನಮ್ಮಲ್ಲಿ ಆಗ ಸೋಮವಾರದ ಬೆಳಗು. ಆ ದಿನ ನಾವು ಹಿಡಿಯಬೇಕಿದ್ದ ಟ್ರೈನ್ ತಪ್ಪಿತು.